ಕವಿಶಿಷ್ಯರೂ ಅಧ್ಯಕ್ಷಪೀಠವೂ

1934ನೆಯ ಇಸವಿಯಲ್ಲಿ ರಾಯಚೂರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಪಂಜೆ ಮಂಗೇಶರಾಯರು ಅಲಂಕರಿಸಿದರು. ಅದಕ್ಕೆ ಹಿಂದೆ ಆ ಪೀಠವನ್ನೇರಿದವರಲ್ಲಿ ಕವಿಚರಿತೆಯನ್ನು ರಚಿಸಿದ ನರಸಿಂಹಾಚಾರ್ಯರು, ವಚನಸಾಹಿತ್ಯವನ್ನು ಬೆಳಕಿಗೆ ತಂದ ಹಳಕಟ್ಟಿಯವರು, ಹೊಸ ಕವಿತೆಗೆ ದಾರಿ ತೋರಿದ ಶ್ರೀಕಂಠಯ್ಯನವರು ಮೊದಲಾದ ಮಹನೀಯರಿದ್ದರು. ಅಂತಹ ಸಾಲಿನಲ್ಲಿ, ಎಳೆಯ ಮಕ್ಕಳ ನಾಲಗೆಗೆ ಪದ್ಯಗಳನ್ನು ಕಟ್ಟಿಕೊಟ್ಟ ಉಪಾಧ್ಯಾಯರೊಬ್ಬರಿಗೆ ಸ್ಥಾನ ದೊರೆತುದು ಕನ್ನಡಿಗರಿಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಆ ಮನ್ನಣೆಯು ಅವರ ಯಾವ ಕೃತಿಗಳಿಗೆ ಸಂದಿತೆಂದು ವಿದ್ವಾಂಸರನ್ನು ಕೇಳಿದರೆ ದೊರೆಯುವ ಉತ್ತರವು ವಿಚಾರಾರ್ಹವಾಗಿದೆ.

ಸಾಮಾನ್ಯವಾಗಿ ಹೇಳುವುದಿಷ್ಟು: ಪಂಜೆಯವರು ಕನ್ನಡದ ಸಣ್ಣಕಥೆಗೆ ಮೊದಲಿಗರು, ಬೆನಗಲ್ ರಾಮರಾಯರ 'ಸುವಾಸಿನಿ' ಪತ್ರಿಕೆಯಲ್ಲಿ 1900ರಷ್ಟು ಹಿಂದೆಯೇ ಅವರ ಕಥೆಗಳು ಪ್ರಕಟವಾದುವು, ಅವರು ಭಾಷಾಜ್ಞರು, ಹಾಸ್ಯಪ್ರಿಯರು, ಒಳ್ಳೆಯ ಗದ್ಯಕಾರರು, 'ಮಕ್ಕಳಿಗಾಗಿಯೂ ಕೆಲವು ಪದ್ಯಗಳನ್ನು ಬರೆದಿರುವರು'. ಈ ಕೊನೆಯ ವಾಕ್ಯದ 'ಗಾಗಿಯೂ' ಎಂಬ ಪ್ರತ್ಯಯದಲ್ಲಿಯೇ ದೋಷವಿರುವುದು. ಗುಡಿಯ ಗರ್ಭಗೃಹವನ್ನು ವರ್ಣಿಸಿ ಮುಗಿಸಿದ ಮೇಲೆ ಬಾವಿಯೊಂದು ಇದೆಯೆಂದು ಸೇರಿಸುವಂತೆ ಇದು ತೋರುತ್ತದೆ. ಪಂಜೆಯವರ ವಿಷಯದಲ್ಲಿ ಈ ಕ್ರಮವನ್ನು ತಿರುಗಿಸಬೇಕಾದುದು ನ್ಯಾಯ. ಅವರ ಕಥೆಗಳು ಚರಿತ್ರೆಯಲ್ಲಿ ಮೊದಲಿನವು. ಅವರ ಶಿಶುಗೀತೆಗಳಾದರೋ ಗುಣದಲ್ಲಿ ಮೊದಲಿನವು.

ಪಂಜೆಯವರು 1874ರಲ್ಲಿ ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ಮನೆಯ ಮಾತು ಕೊಂಕಣಿ, ಸುತ್ತಿನ ಮಾತು ತುಳು, ಶಾಲೆಯ ಮಾತು ಕನ್ನಡ. ಕನ್ನಡವನ್ನು ತೊಟ್ಟಿಲಲ್ಲಿ ಪಡೆಯದೆ ಕಿವಿಯಿಂದ ಕಲಿತವರಿಗೆ ಅದರ ನಾದವು ವಿಶೇಷವಾಗಿ ಗೋಚರಿಸಿದುದರಲ್ಲಿ ಆಶ್ಚರ್ಯವಿಲ್ಲ. ಉಪಾಧ್ಯಾಯರಾಗಿ, ಶಾಲೆಗಳ ತನಿಖಾಧಿಕಾರಿಯಾಗಿ, ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿ ಅವರು ಆಯುಸ್ಸಿನ ಬಹುಭಾಗವನ್ನು ಮಕ್ಕಳ ನಡುವೆಯೇ ಕಳೆದರು. 1912ರಲ್ಲಿ ಅವರ ಒಂದನೆಯ ಪದ್ಯಪುಸ್ತಕವು ಹೊರಬಂದಿತು. 1921ರಲ್ಲಿ ಮಂಗಳೂರಿನಲ್ಲಿ 'ಬಾಲಸಾಹಿತ್ಯ ಮಂಡಲ'ವನ್ನು ಸ್ಥಾಪಿಸಿ, ಮಕ್ಕಳ ಪುಸ್ತಕಗಳ ಪ್ರಕಟಣೆಗೆ ಕೈಹಾಕಿದರು. ಈ ಪದ್ಯಗಳಿಗೆ ಅವರು ಇಟ್ಟುಕೊಂಡ ಅಂಕಿತವು 'ಕವಿಶಿಷ್ಯ' ಎಂಬುದು. ಗುರುವಾಗಿದ್ದವರು ತಮ್ಮನ್ನು ಶಿಷ್ಯನೆಂದು ಕರೆದುಕೊಂಡುದು ಕೇವಲ ವಿನಯವೆಂದು ತೋರುವುದಿಲ್ಲ. ಮಗುವಿನ ಪಕ್ಕದ ಮಣೆಯಲ್ಲಿ ಕುಳಿತು ಬರೆಯುವೆನೆಂಬ ಪ್ರತಿಜ್ಞೆಯೇ ಅದರಲ್ಲಿರುವುದು.

'ನಾಗರ ಹಾವೆ' ಎಂಬ ಪದ್ಯವನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾದೀತು. ಮಗುವು ಹಾವನ್ನು ಕರೆಯುತ್ತದೆ, ಕೊಳಲೂದಿ ಆಡಿಸುತ್ತದೆ, ಬಡವರಿಗೆ ಚಿನ್ನವನ್ನು ಬೇಡುತ್ತದೆ, ಕೊನೆಗೆ ಕೈಮುಗಿದು ಮನೆಯಿಂದ ಹೊರಡಿಸುತ್ತದೆ. ಭಯ, ವಿಸ್ಮಯ, ಆಸೆ, ಭಕ್ತಿ ಇವು ನಾಲ್ಕೂ ಒಂದೇ ಎಳೆಯಲ್ಲಿ ಹೆಣೆದುಕೊಂಡಿವೆ. ಪ್ರತಿಯೊಂದು ನುಡಿಯೂ ಒಂದೇ ಅಕ್ಷರದ ಆವೃತ್ತಿಯಿಂದ ಮುಗಿಯುತ್ತದೆ. ಕನ್ನಡದಲ್ಲಿ ಬರಹೇಳುವುದಕ್ಕೂ, ತರಹೇಳುವುದಕ್ಕೂ, ಹೋಗಹೇಳುವುದಕ್ಕೂ ಏಕಾಕ್ಷರ ಕ್ರಿಯಾಪದಗಳಿವೆ. ವೈಯಾಕರಣರು ಸೂತ್ರದಲ್ಲಿ ಹೇಳುವ ಈ ಸಂಗತಿಯನ್ನು ಪಂಜೆಯವರು ಆಟವನ್ನಾಗಿ ಮಾಡಿದರು. ಇನ್ನೂ ಮಾತು ನೆಟ್ಟಗಾಗದ ಮಗುವೂ ಆ ಅಕ್ಷರಗಳನ್ನು ಕೂಗಿ ಪದ್ಯದಲ್ಲಿ ಪಾಲುಗೊಳ್ಳಬಲ್ಲುದು. ಹಿರಿಯ ವಾಚಕನಿಗಾದರೋ ಅದೇ ಪದ್ಯದಲ್ಲಿ, ಪೂಜೆಯ ಒಳಗೆ ಅಡಗಿದ ಅಂಜಿಕೆಯು ಧ್ವನಿಯಾಗಿ ಹೊಳೆಯುತ್ತದೆ. ಒಂದೇ ಕೃತಿಯು ಎರಡು ವಯಸ್ಸುಗಳಿಗೆ ಎರಡು ಬಗೆಯ ರಸವನ್ನು ಕೊಡುವುದಾದರೆ ಅದನ್ನು ಕಾವ್ಯವಲ್ಲವೆನ್ನಲು ಯಾವ ಲಕ್ಷಣಗ್ರಂಥದ ಅಪ್ಪಣೆಯೂ ಇಲ್ಲ.

'ಶಿಶುಗಳಿಗೆ ಅರ್ಥಪ್ರತೀತಿಯಿಲ್ಲ, ಅರ್ಥವಿಲ್ಲದೆಡೆಯಲ್ಲಿ ರಸವೆಲ್ಲಿಯದು?' ಎಂದು ಕೆಲವರು ಆಕ್ಷೇಪಿಸುವರು. ಪಾಠಶಾಲೆಯ ಸಂಪ್ರದಾಯವನ್ನು ಬಲ್ಲವರಿಗೆ ಇದು ದೊಡ್ಡ ಆಕ್ಷೇಪವಲ್ಲ. ಅಮರಕೋಶವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವನು ಶಬ್ದವನ್ನು ಮೊದಲು ಪಡೆದು, ಅರ್ಥವನ್ನು ವರ್ಷಗಳ ಮೇಲೆ ಸಂಪಾದಿಸುತ್ತಾನೆ. ಶಬ್ದವು ಕಿವಿಯಲ್ಲಿ ಬೀಜವಾಗಿ ಬಿದ್ದಿರಬೇಕು. ಮಳೆ ಬಂದಾಗ ಅದು ತಾನೇ ಮೊಳೆಯುವುದು. ಮಮ್ಮಟಾಚಾರ್ಯನು ಕಾವ್ಯದ ಉಪದೇಶವನ್ನು ಕಾಂತೆಯ ಮಾತಿಗೆ ಹೋಲಿಸಿದನು. ವೇದವು ಪ್ರಭುವಿನಂತೆ ಆಜ್ಞಾಪಿಸುವುದು, ಪುರಾಣವು ಮಿತ್ರನಂತೆ ತಿಳಿಯಹೇಳುವುದು, ಕಾವ್ಯವು ಪ್ರಿಯೆಯಂತೆ ಒಲಿಸಿಕೊಳ್ಳುವುದು ಎಂದು ವ್ಯಾಖ್ಯಾನಕಾರರು ಇದನ್ನು ವಿವರಿಸುವರು. ಈ ಮೂರರ ಪಕ್ಕದಲ್ಲಿ ಮಾತೃಸಂಮಿತವೆಂಬ ನಾಲ್ಕನೆಯದೊಂದನ್ನು ಇಡಬಹುದಾದರೆ ಪಂಜೆಯವರ ಪದ್ಯಗಳೇ ಅದಕ್ಕೆ ಲಕ್ಷ್ಯ. ತಾಯಿಯು ಆಜ್ಞಾಪಿಸದೆ, ವಾದಿಸದೆ, ಕೈತುತ್ತಿನ ನಡುವೆ ಹಾಡನ್ನೂ ಉಣಿಸುವಳು.

ಅವರ ಕಥೆಗಳಲ್ಲಿಯೂ ಇದೇ ನೀತಿಯು ಕಾಣುವುದು. 'ಸಿಗಡಿ ಯಾಕೆ ಒಣಗಲಿಲ್ಲ?' ಎಂಬುದು ಸರಪಳಿಯ ಕಥೆ. ಒಂದು ಪ್ರಶ್ನೆಗೆ ಬಂದ ಉತ್ತರವೇ ಮುಂದಿನ ಪ್ರಶ್ನೆಗೆ ಎಡೆಮಾಡಿಕೊಟ್ಟು, ತಪ್ಪು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತದೆ. ನ್ಯಾಯಶಾಸ್ತ್ರದ ಕಾರ್ಯಕಾರಣಭಾವವನ್ನು ಇದಕ್ಕಿಂತ ಸುಲಭವಾಗಿ ಬೋಧಿಸುವ ಪಾಠವು ದುರ್ಲಭ. ಮೀನು ಸಿಗಡಿಗಳು ಒಣಗುವ ಕರಾವಳಿಯ ಅಂಗಳವನ್ನು ಯಾವ ಸಂಕೋಚವೂ ಇಲ್ಲದೆ ಮಕ್ಕಳ ಪುಸ್ತಕದೊಳಗೆ ತಂದುದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. ತುಳುನಾಡಿನ ಬಾಯಿಮಾತಿನಲ್ಲಿದ್ದ ಕೋಟಿ ಚೆನ್ನಯರೂ ಅಗೋಳಿ ಮಂಜಣನೂ ಅವರ ಲೇಖನಿಯಿಂದ ಕನ್ನಡದ ಮಕ್ಕಳಿಗೆ ಪರಿಚಿತರಾದರು. 'ಮೂರು ಕರಡಿಗಳು' ಇಂಗ್ಲಿಷಿನಿಂದ ಬಂದುದು. ಬಂದುದೆಂದು ಹೇಳಿದಲ್ಲದೆ ಮಕ್ಕಳಿಗೆ ತಿಳಿಯದು. 'ಹುತ್ತರಿ ಹಾಡು' ಕೊಡಗಿನ ಸುಗ್ಗಿಯ ಹಬ್ಬಕ್ಕೆ ಸಲ್ಲಿಸಿದ ಕಾಣಿಕೆ. ಹೊರಗಿನಿಂದ ಬಂದ ಉಪಾಧ್ಯಾಯರೊಬ್ಬರ ಹಾಡನ್ನು ಆ ನಾಡಿನವರು ತಮ್ಮದೆಂದೇ ಸ್ವೀಕರಿಸಿರುವರು.

ಗುಣಗಳನ್ನು ಹೇಳಿದಂತೆ ದೋಷಗಳನ್ನೂ ಹೇಳಬೇಕಾದುದು ವಿಮರ್ಶೆಯ ಧರ್ಮ. ಪಂಜೆಯವರಲ್ಲಿ ಕೆಲವೆಡೆ ಹಳಗನ್ನಡದ ರೂಪಗಳು ಪ್ರಾಸದ ಆಸೆಗೆ ಬಂದು ಕುಳಿತಿವೆ. ಇಂದಿನ ಮಗುವಿಗೆ ಅವನ್ನು ಬಿಡಿಸಿ ಹೇಳಬೇಕಾಗುವುದು. ಇದಕ್ಕಿಂತ ಹಿರಿದಾದ ಕೊರತೆಯೆಂದರೆ ಅವರು ತಮ್ಮ ಕೃತಿಗಳನ್ನು ಒಂದೆಡೆ ಕೂಡಿಸಿಡಲಿಲ್ಲ. ಪಠ್ಯಪುಸ್ತಕದಲ್ಲಿ ಸೇರಿದ ಪದ್ಯಕ್ಕೆ ಕರ್ತೃವಿನ ಹೆಸರು ಅಳಿದುಹೋಗುವುದು ಸಹಜ. ಮೂರು ತಲೆಮಾರಿನವರು ಹಾಡಿದರೂ ಯಾರು ಬರೆದುದೆಂದು ಹೇಳಬಲ್ಲವರು ವಿರಳ. ಅವರ ಬರಹಗಳು ಸಂಪುಟಗಳಾಗಿ ಕೂಡಿಬಂದುದು ಅವರ ಕಾಲಾನಂತರವೇ.

ಈ ಹಿನ್ನೆಲೆಯಲ್ಲಿ ರಾಯಚೂರಿನ ಸಮ್ಮೇಳನವನ್ನು ನೋಡಬೇಕು. 1934ರಲ್ಲಿ ರಾಯಚೂರು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ರಾಜಭಾಷೆ ಉರ್ದು, ಮೇಲಿನ ತರಗತಿಗಳ ಪಾಠವೂ ಅದರಲ್ಲಿಯೇ. ಅಂತಹ ನಾಡಿನಲ್ಲಿ ಕನ್ನಡದ ಉಳಿವು ಮಹಾಕಾವ್ಯಗಳಿಗಿಂತಲೂ ಮೊದಲು ಒಂದನೆಯ ಪುಸ್ತಕವನ್ನು ಅವಲಂಬಿಸಿತ್ತು. ಒಂದನೆಯ ಪುಸ್ತಕದ ಕವಿಯೇ ಅಲ್ಲಿ ಅಧ್ಯಕ್ಷರಾದುದು, ಉದ್ದೇಶವೇನೇ ಇರಲಿ, ಅತ್ಯಂತ ಉಚಿತವಾಯಿತು. ಮೂರು ವರ್ಷಗಳ ಮೇಲೆ, 1937ರಲ್ಲಿ, ಪಂಜೆಯವರು ದಿವಂಗತರಾದರು.

ಅನಂತರದಲ್ಲಿಯೂ ಮಕ್ಕಳಿಗೆ ಬರೆದವರು ಆ ಪೀಠವನ್ನು ಏರಿಲ್ಲವೆಂದಲ್ಲ. ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ರಚಿಸಿದ ಶಿವರಾಮ ಕಾರಂತರು 1955ರಲ್ಲಿ ಮೈಸೂರಿನಲ್ಲಿಯೂ, 'ತುತ್ತೂರಿ'ಯ ರಾಜರತ್ನಂ ಅವರು 1978ರಲ್ಲಿ ದೆಹಲಿಯಲ್ಲಿಯೂ ಅಧ್ಯಕ್ಷರಾದರು. ಆದರೂ ಕಾರಂತರೆಂದರೆ ಕಾದಂಬರಿಗಳು, ರಾಜರತ್ನಂ ಎಂದರೆ ರತ್ನನ ಪದಗಳು ವಿದ್ವಜ್ಜನರ ಬಾಯಿಗೆ ಬರುವುವು. ಬಾಲಸಾಹಿತ್ಯವು ಅಲ್ಲಿಯೂ 'ಗಾಗಿಯೂ' ಆಗಿಯೇ ಉಳಿಯಿತು. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಮಕ್ಕಳ ಸಾಹಿತ್ಯಕ್ಕೆಂದೇ ಬೇರೆ ಪುರಸ್ಕಾರವನ್ನು ಏರ್ಪಡಿಸಿತು. ಆ ವರ್ಷ ಕನ್ನಡದಲ್ಲಿ ಬೊಳುವಾರು ಮಹಮದ್ ಕುಂಞಿಯವರ, ಗಾಂಧೀಜಿಯನ್ನು ಕುರಿತ ಕೃತಿಗೆ ಅದು ಸಂದಿತು. ಇದು ಸಂತೋಷದ ಸಂಗತಿ. ಆದರೆ ಬೇರೆ ಪಂಕ್ತಿಯಲ್ಲಿ ಎಲೆ ಹಾಕುವುದು ಮರ್ಯಾದೆಯೂ ಆಗಬಹುದು, ದೂರವಿಡುವ ಉಪಾಯವೂ ಆಗಬಹುದು. ವಿಷ್ಣುಶರ್ಮನ ಪಂಚತಂತ್ರವು ರಾಜಕುಮಾರರಿಗಾಗಿ ಹುಟ್ಟಿದ ಕಥೆಗಳೆಂದು ಪ್ರಸಿದ್ಧ. 11ನೆಯ ಶತಮಾನದಲ್ಲಿ ದುರ್ಗಸಿಂಹನು ಅದೇ ಹೆಸರಿನ ಕನ್ನಡ ಗ್ರಂಥವನ್ನು ಚಂಪುವಾಗಿ ರಚಿಸಿದಾಗ ಅದನ್ನು ಯಾರೂ ಪ್ರತ್ಯೇಕ ಪಂಕ್ತಿಯಲ್ಲಿ ಕೂರಿಸಲಿಲ್ಲ.

ಆದುದರಿಂದ ಮಕ್ಕಳ ಕವಿಗೆ ಸಮ್ಮೇಳನಗಳು ಸಲ್ಲಿಸಬೇಕಾದುದು ಹಾರ ತುರಾಯಿಗಳ ದಾಕ್ಷಿಣ್ಯವನ್ನಲ್ಲ, ವಿಮರ್ಶೆಯನ್ನು. ಭಾವಗೀತೆಯ ಛಂದಸ್ಸನ್ನು ಅಳೆಯುವ ಕೋಲಿನಿಂದಲೇ ಶಿಶುಗೀತೆಯ ಛಂದಸ್ಸನ್ನೂ ಅಳೆಯಲಿ. ಜೊಳ್ಳನ್ನು ಜೊಳ್ಳೆಂದು ತೂರಲಿ, ಕಾಳನ್ನು ಕಣಜಕ್ಕೆ ಸೇರಿಸಲಿ. ಹಾಗೆ ತೂರಿದ ಮೇಲೆಯೂ ಪಂಜೆಯವರ ರಾಶಿಯು ಕರಗದು. ಅಲ್ಲಿಯವರೆಗೆ ಮನೆಮನೆಗಳಲ್ಲಿ ಹಿರಿಯರು ಮಾಡಬಹುದಾದ ಕೆಲಸವೊಂದಿದೆ: ಮಗುವಿಗೆ ಹಾವಿನ ಪದ್ಯವನ್ನು ಹೇಳಿಕೊಡುವಾಗ, ಕೊನೆಯಲ್ಲಿ ಕವಿಯ ಹೆಸರನ್ನೂ ಹೇಳಿಸುವುದು.