ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚೋದು ಯಾವಾಗ?

ಒಂದು ರಾತ್ರಿ ಚಿಕ್ಕಪ್ಪನ ಮಗಳು ಊರಿಂದ ಫೋನ್ ಮಾಡಿದಳು. ತಾಲ್ಲೂಕಿನ ಕಾಲೇಜಲ್ಲಿ ಬಿಎ ಓದ್ತಾಳೆ, ಪತ್ರಿಕೋದ್ಯಮ ಒಂದು ವಿಷಯ.

"ಅಣ್ಣ, ನನಗೂ ಕೋಡಿಂಗ್ ಕೆಲಸ ಸಿಕ್ತು."

"ಭೇಷ್! ಯಾವ ಲ್ಯಾಂಗ್ವೇಜು?"

"ಕನ್ನಡ."

ಹತ್ತು ವರ್ಷದಿಂದ ಕೋಡ್ ಬರೆದು ಅನ್ನ ತಿನ್ನುತ್ತಿರುವ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯ್ತು. ಮಾಧ್ಯಮ ಅಧ್ಯಯನದಲ್ಲಿ ಕೋಡಿಂಗ್ ಅಂದರೆ ಬೇರೆ. ಸುದ್ದಿ, ಜಾಹೀರಾತು, ಧಾರಾವಾಹಿಯ ದೃಶ್ಯ ಹೀಗೆ ಏನಾದರೂ ಒಂದನ್ನು ತುಂಡು ತುಂಡು ಮಾಡಿಕೊಂಡು, ಪ್ರತಿ ತುಂಡಿಗೂ ಒಂದು ಗುರುತು ಹಾಕೋದು. ಇದರಲ್ಲಿ ಬೆದರಿಕೆ ಇದೆಯಾ? ಹೊಗಳಿಕೆಯಾ? ಮಾತಾಡಿದ್ದು ಗಂಡಸೋ ಹೆಂಗಸೋ? ಹೀಗೆ ಸಾವಿರಾರು ತುಂಡು ಎಣಿಸಿದ ಮೇಲೆ "ಟಿವಿ ಚರ್ಚೆಗಳಲ್ಲಿ ಬೆದರಿಕೆಯ ಭಾಷೆ ಇಷ್ಟಿದೆ" ಅನ್ನೋ ಒಂದು ವಾಕ್ಯ ಹುಟ್ಟುತ್ತೆ. ಆ ವಾಕ್ಯ ನಾಳೆ ಪೇಪರಿನಲ್ಲಿ ಬರುತ್ತೆ, ನಾವು ನೀವು ಫಾರ್ವರ್ಡ್ ಮಾಡ್ತೀವಿ. ಎಣಿಸಿದವರು ಯಾರು? ಹೆಚ್ಚಾಗಿ ಡಿಗ್ರಿ ಓದುವ ಹುಡುಗ ಹುಡುಗಿಯರು. ಅವರಿಗಿರುವ ಹೆಸರು ಸಂಶೋಧನಾ ಸಹಾಯಕರು.

ತಂಗಿಗೆ ಬಂದಿದ್ದ ನೋಟಿಸನ್ನು ನನಗೂ ಕಳಿಸಿದಳು. ಎರಡು ಸಲ ಓದಿದೆ. ಆಮೇಲೆ ಅದಕ್ಕೇ ಅವರ ಶಾಸ್ತ್ರವನ್ನು ಹಚ್ಚಿ ನೋಡೋಣ ಅಂತ ಪದ ಎಣಿಸಿದೆ. "ಬೇಕು" ಆರು ಸಲ: ಸ್ವಂತ ಲ್ಯಾಪ್‌ಟಾಪ್ ಇರಬೇಕು, ವಾರಕ್ಕೆ ಹದಿನೈದು ಗಂಟೆ ಕೊಡಬೇಕು, ಕನ್ನಡ ಚೆನ್ನಾಗಿ ಬರಬೇಕು, ಹೀಗೆ. "ಕೊಡಲಾಗುವುದು" ಒಂದೇ ಸಲ: ಪ್ರಮಾಣಪತ್ರ. "ಸಂಶೋಧನೆ ಕಲಿಯಲು ಅಪೂರ್ವ ಅವಕಾಶ" ಅಂತ ಮೇಲೆ ದಪ್ಪಕ್ಷರದಲ್ಲಿತ್ತು. ಕಲಿಸುವವರು ಯಾರು, ಯಾವಾಗ, ಏನು, ಅದು ಮಾತ್ರ ಎಲ್ಲೂ ಇರಲಿಲ್ಲ. ದುಡ್ಡಿನ ಮಾತಂತೂ ಇಲ್ಲವೇ ಇಲ್ಲ.

ಆರು ವಾರ ಅವಳು ಕನ್ನಡ ಚಾನೆಲ್‌ಗಳ ಚರ್ಚೆಯ ತುಣುಕು ನೋಡಿದಳು. ಇನ್ನೊಂದು ಕಡೆ ಬೆಂಗಳೂರಿನ ಇನ್ನೊಬ್ಬ ವಿದ್ಯಾರ್ಥಿ ಅದೇ ತುಣುಕುಗಳನ್ನು ನೋಡಿ ಬೇರೆಯಾಗಿ ಗುರುತು ಹಾಕುತ್ತಿದ್ದ. ಇದು ಸರಿಯಾದ ಕ್ರಮವೇ. ಒಬ್ಬರ ಕಣ್ಣನ್ನು ನಂಬಬಾರದು ಅಂತ ಇಬ್ಬರನ್ನು ಕೂರಿಸಿ, ಎಷ್ಟು ಹೊಂದುತ್ತೆ ಅಂತ ನೋಡ್ತಾರೆ. 1960ರಲ್ಲಿ ಜೇಕಬ್ ಕೋಹೆನ್ ಇದಕ್ಕೆ ಒಂದು ಲೆಕ್ಕ ಕೊಟ್ಟರು, ಹೆಸರು ಕಪ್ಪಾ. ಅದರ ತರ್ಕ ಚೆನ್ನಾಗಿದೆ. ಇಬ್ಬರೂ ಕ್ಲಿಪ್ಪೇ ನೋಡದೆ ನಾಣ್ಯ ಚಿಮ್ಮಿ ಹೌದು, ಅಲ್ಲ ಅಂತ ಬರೆದರೂ 100ರಲ್ಲಿ ಸುಮಾರು 50 ಹೊಂದಿಬಿಡುತ್ತೆ. ಆ 50 ಪುಕ್ಕಟೆ ಬಂದಿದ್ದು, ಕಳೆದುಬಿಡಿ. ಇಬ್ಬರದೂ ಹೌದು ಅಲ್ಲಗಳು ಅರ್ಧರ್ಧ ಇದ್ದು 80 ಹೊಂದಿದರೆ, ನಿಜವಾಗಿ ಗಳಿಸಿದ್ದು ಉಳಿದ 50ರಲ್ಲಿ 30. ಕಪ್ಪಾ 0.6. ಡಿಸ್ಟಿಂಕ್ಷನ್ ಥರ ಕಾಣುವ 80 ಇಲ್ಲಿ ಸೆಕೆಂಡ್ ಕ್ಲಾಸೂ ಆಗಲ್ಲ. ಸಾಮಾನ್ಯವಾಗಿ 0.8ರ ಆಸುಪಾಸು ಬಂದರೆ ನೆಮ್ಮದಿ.

ಇವರಿಬ್ಬರದು ಹೊಂದಲಿಲ್ಲ. ಕೋಡ್‌ಬುಕ್, ಅಂದರೆ ಯಾವುದಕ್ಕೆ ಯಾವ ಗುರುತು ಅಂತ ಹೇಳುವ ನಿಯಮಾವಳಿ, ಇಂಗ್ಲಿಷಿನಲ್ಲಿತ್ತು. ತುಣುಕಿನಲ್ಲಿ ಒಬ್ಬ ಮುಖಂಡ ನಗುನಗುತ್ತಾ "ಆಯ್ತು ಸ್ವಾಮಿ, ನಮ್ಮೂರ್ ಕಡೆ ಬನ್ನಿ, ಮಾತಾಡಣ" ಅಂತಾನೆ. ಬೆಂಗಳೂರಿನ ಹುಡುಗ ಅದನ್ನು ಆಹ್ವಾನ ಅಂತ ಬರೆದ. ನಮ್ಮ ಹುಡುಗಿ ಬೆದರಿಕೆ ಅಂತ ಬರೆದಳು. "ನೀವು ಬಿಡಿ, ಭಾಳ ದೊಡ್ಡೋರು" ಅನ್ನೋದು ಅವನಿಗೆ ಹೊಗಳಿಕೆ, ಇವಳಿಗೆ ಮೂದಲಿಕೆ. "ಒಂದ್ ಕೈ ನೋಡ್ಕೋತೀನಿ" ಅಂದರೆ ಕೈ ನೋಡಿ ಭವಿಷ್ಯ ಹೇಳೋದಲ್ಲ ಅಂತ ಊರಲ್ಲಿ ಬೆಳೆದ ಮಗುವಿಗೂ ಗೊತ್ತು.

ಇಂಥ ಕಡೆ ಸಂಶೋಧನೆ ನಿಲ್ಲಬಾರದು, ಶುರುವಾಗಬೇಕು. ಮೊದಲು ಸ್ವಲ್ಪ ತುಣುಕು ಕೊಟ್ಟು ನೋಡಿ, ಎಲ್ಲಿ ಹೊಂದಲಿಲ್ಲವೋ ಅಲ್ಲಿ ಇಬ್ಬರನ್ನೂ ಕೂರಿಸಿ "ಯಾಕೆ ಹಾಗಂದೆ?" ಅಂತ ಕೇಳಿ, ನಿಯಮಾವಳಿ ತಿದ್ದಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕೋದು ಪದ್ಧತಿ. ನಮ್ಮಲ್ಲಿ ಟೆಸ್ಟ್ ಫೇಲಾದರೆ ಬಗ್ ಎಲ್ಲಿದೆ ಅಂತ ಹುಡುಕ್ತೀವಿ, ಟೆಸ್ಟನ್ನೇ ಡಿಲೀಟ್ ಮಾಡಲ್ಲ (ಮಾಡುವವರೂ ಇದ್ದಾರೆ, ಅದು ಬೇರೆ ಮಾತು). ತಂಗಿಗೆ ಬಂದದ್ದು ಒಂದು ಸಾಲಿನ ಮೆಸೇಜು: ನಿಮ್ಮ ಗುರುತುಗಳು ಹೊಂದುತ್ತಿಲ್ಲ, ಕೈಬಿಟ್ಟಿದ್ದೇವೆ. ಆ ಅಧ್ಯಯನ ಏನನ್ನು ಹುಡುಕುತ್ತಿತ್ತು ಅಂತ ಕೇಳಿದ್ದಕ್ಕೆ, ಸಹಾಯಕರಿಗೆ ಅದನ್ನು ಹೇಳುವ ಹಾಗಿಲ್ಲ ಅಂದರಂತೆ.

ಈ ಉತ್ತರದಲ್ಲಿ ಅರ್ಧ ನ್ಯಾಯ ಇದೆ, ಒಪ್ಪಬೇಕು. ಏನು ಸಾಬೀತು ಮಾಡಲು ಹೊರಟಿದ್ದೇವೆ ಅಂತ ಗೊತ್ತಾದರೆ ಗುರುತು ಹಾಕುವ ಕೈ ತನಗೇ ಗೊತ್ತಿಲ್ಲದೆ ಆ ಕಡೆ ವಾಲುತ್ತೆ. ಅದಕ್ಕೇ ಸಹಾಯಕರ ಕಣ್ಣಿಗೆ ಬಟ್ಟೆ ಕಟ್ಟೋದು. ನನ್ನ ತಕರಾರು ಕಟ್ಟಿದ್ದಕ್ಕಲ್ಲ, ಕೆಲಸ ಮುಗಿದ ಮೇಲೂ ಬಿಚ್ಚದೇ ಮನೆಗೆ ಕಳಿಸೋದಕ್ಕೆ. ಗಾಣದ ಎತ್ತಿಗೂ ಸಂಜೆಯಾದರೆ ಕಣ್ಣಿನ ಬಟ್ಟೆ ತೆಗೀತಾರೆ.

ಈ ರೋಗ ಹಳೇದು. 1938ರ ಅಕ್ಟೋಬರ್ 30ರಂದು ಅಮೆರಿಕದ ರೇಡಿಯೊದಲ್ಲಿ ಆರ್ಸನ್ ವೆಲ್ಸ್‌ರ 'ವಾರ್ ಆಫ್ ದ ವರ್ಲ್ಡ್ಸ್' ನಾಟಕ ಬಂತು. ಮಂಗಳಗ್ರಹದವರು ನಿಜವಾಗಿಯೂ ದಾಳಿ ಮಾಡಿದರು ಅಂತ ಜನ ಬೆಚ್ಚಿದರು ಅನ್ನೋ ಕತೆ ನಿಮಗೂ ಗೊತ್ತಿರಬಹುದು. ಅದರ ಮೇಲಿನ ಪ್ರಸಿದ್ಧ ಅಧ್ಯಯನ 'ದಿ ಇನ್ವೇಷನ್ ಫ್ರಮ್ ಮಾರ್ಸ್' 1940ರಲ್ಲಿ ಬಂತು. ಲೇಖಕ ಹ್ಯಾಡ್ಲಿ ಕ್ಯಾಂಟ್ರಿಲ್. ಕೆಳಗೆ, ಹೇಜಲ್ ಗೌಡೆಟ್ ಮತ್ತು ಹೆರ್ಟಾ ಹೆರ್ಜೋಗ್ ಅವರ "ಸಹಾಯದೊಂದಿಗೆ". ಹೆರ್ಜೋಗ್ ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆದವರು! ಆ ಪುಸ್ತಕ ನಿಂತಿರೋದು 135 ಜನರ ಸಂದರ್ಶನದ ಮೇಲೆ. ಅದರಲ್ಲಿ ನೂರಕ್ಕೂ ಹೆಚ್ಚು ಜನ ಹೆದರಿದವರು ಅಂತ ಮೊದಲೇ ಗೊತ್ತಿದ್ದು ಆರಿಸಿಕೊಂಡವರು. ಯಾರನ್ನು ಕೇಳಿದರು, ಹೇಗೆ ಕೇಳಿದರು ಅನ್ನೋದರ ಮೇಲೇ ಇಡೀ ಕತೆ ನಿಂತಿದೆ ಅಂದಮೇಲೆ, ಆ ಕೆಲಸದಲ್ಲಿದ್ದವರು ಬರೀ "ಸಹಾಯ" ಹೇಗಾಗ್ತಾರೆ? ಹಾಗಂತ ಇದೇನು ವಿಧಿಯಲ್ಲ. ನಾಲ್ಕೇ ವರ್ಷದ ಮೇಲೆ, 1944ರಲ್ಲಿ ಬಂದ 'ದಿ ಪೀಪಲ್ಸ್ ಚಾಯ್ಸ್'ನಲ್ಲಿ ಅದೇ ಗೌಡೆಟ್ ಹೆಸರು ಲಜಾರ್ಸ್‌ಫೆಲ್ಡ್, ಬೆರೆಲ್ಸನ್ ಜತೆ ಲೇಖಕರ ಸಾಲಿನಲ್ಲೇ ಇದೆ. ಮನಸ್ಸು ಮಾಡಿದರೆ ಆಗುತ್ತೆ.

ಅವಕಾಶವನ್ನು ಬೇರೆ ಥರ ಕಟ್ಟಬಹುದು ಅನ್ನೋದಕ್ಕೂ ಉದಾಹರಣೆ ಇದೆ. ಎಂಐಟಿಯಲ್ಲಿ 1969ರಲ್ಲಿ ಮಾರ್ಗರೆಟ್ ಮ್ಯಾಕ್‌ವಿಕಾರ್ ಶುರುಮಾಡಿದ ಯುರಾಪ್ ಅನ್ನೋ ವ್ಯವಸ್ಥೆಯಲ್ಲಿ ಡಿಗ್ರಿ ವಿದ್ಯಾರ್ಥಿ ಅಧ್ಯಾಪಕರ ಸಂಶೋಧನೆಗೆ ಸೇರಿಕೊಂಡು ಸಂಬಳ ಪಡೆಯಬಹುದು ಇಲ್ಲವೇ ಕ್ರೆಡಿಟ್ ಪಡೆಯಬಹುದು. ಅಲ್ಲಿನ ಮಾಧ್ಯಮ ಅಧ್ಯಯನದವರಿಗೂ ಅದು ಇದೆ. ನಮ್ಮಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಮಕ್ಕಳಿಗೆ ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಇದೆ. ಪತ್ರಿಕೋದ್ಯಮ ಓದುವ ತಾಲ್ಲೂಕಿನ ಮಗು ಎಲ್ಲಿಗೆ ಹೋಗಬೇಕು? 2022ರಲ್ಲಿ ಯುಜಿಸಿ ನಾಲ್ಕನೇ ವರ್ಷದ ಸಂಶೋಧನಾ ಆನರ್ಸ್‌ಗೆ ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇ. 75 ಅಂಕದ ಬೇಲಿ ಹಾಕಿತು. 2024ರಲ್ಲಿ ಕರ್ನಾಟಕ ಮೂರು ವರ್ಷದ ಪದವಿಗೇ ಮರಳಿತು. ಇನ್ನೊಂದು ವರ್ಷದ ಫೀಸು, ಹಾಸ್ಟೆಲ್ ಖರ್ಚು ನೆನೆದರೆ ಆ ನಿರ್ಧಾರ ನನಗೆ ಅರ್ಥವಾಗುತ್ತೆ. ಆದರೆ ಆ ಮೂರು ವರ್ಷದೊಳಗೆ ಸಂಶೋಧನೆಯ ರುಚಿ ತೋರಿಸುವ ಬಾಗಿಲು ಇಡದಿದ್ದರೆ, ಉಳಿಯೋದು ಪ್ರಮಾಣಪತ್ರದ ನೋಟಿಸುಗಳೇ.

ಹಾಗಾಗಿ ನಿಮ್ಮ ತಂಗಿಯೋ ತಮ್ಮನೋ ಇಂಥ ಕೆಲಸಕ್ಕೆ ಹೊರಟರೆ ನಾಲ್ಕು ಪ್ರಶ್ನೆ ಕೇಳಲು ಹೇಳಿ. ದುಡ್ಡೋ ಕ್ರೆಡಿಟ್ಟೋ, ಎರಡರಲ್ಲಿ ಒಂದು ಇದೆಯಾ? ಗುರುತು ಹೊಂದದಿದ್ದಾಗ ನಮ್ಮನ್ನು ಕೂರಿಸಿ ಕೇಳ್ತೀರಾ? ಕೆಲಸ ಮುಗಿದ ಮೇಲೆ ಪ್ರಶ್ನೆ ಏನಿತ್ತು, ಉತ್ತರ ಏನು ಬಂತು ಅಂತ ಹೇಳ್ತೀರಾ? ನಮ್ಮ ಹೆಸರು ಎಲ್ಲಿ ಬರುತ್ತೆ? ನಾನು ಎಂದೋ ಬರೆದ ಎರಡು ಸಾಲಿನ ಕೋಡಿಗೂ ಕಂಪನಿಯ ಗಿಟ್ ಲಾಗ್‌ನಲ್ಲಿ ನನ್ನ ಹೆಸರಿದೆ. ಆರು ವಾರ ಕಣ್ಣು ಕೆಂಪು ಮಾಡಿಕೊಂಡವಳ ಹೆಸರು ಒಂದು ಅಡಿಟಿಪ್ಪಣಿಯಲ್ಲೂ ಇಲ್ಲ.

ಹೋದ ತಿಂಗಳು ಹಬ್ಬಕ್ಕೆ ಊರಿಗೆ ಹೋದಾಗ ಅವಳು ಒಂದು ನೋಟ್‌ಬುಕ್ ತೋರಿಸಿದಳು. ಹೊಂದದೇ ಹೋದ ತುಣುಕುಗಳನ್ನೆಲ್ಲ ಬರೆದಿಟ್ಟುಕೊಂಡಿದ್ದಾಳೆ. ಬಲಗಡೆ ಯಾಕೆ ಅದು ಬೆದರಿಕೆ ಅಂತ ಅವಳ ವಿವರಣೆ. ಚಿಕ್ಕಮ್ಮ, ಎದುರು ಮನೆ ಅಜ್ಜಿ, ಹಾಲಿನ ಡೇರಿಯವರು ಇವರನ್ನೆಲ್ಲ ಕೇಳಿ, ಅವರು ಏನಂದರು ಅಂತಾನೂ ಬರೆದಿದ್ದಾಳೆ.

"ಇದಕ್ಕೆ ಏನಂತಾರೆ ಅಣ್ಣ?" ಅಂದಳು.

"ಸಂಶೋಧನೆ" ಅಂದೆ.