ತೂಕ ಇಳಿಸುವ ಮಾತು

ಮೈತೂಕ ಇಳಿಸಿಕೊಡುತ್ತೇವೆನ್ನುವ ಆನ್‌ಲೈನ್ ಕಾರ್ಯಕ್ರಮಗಳು ಈಗ ಭಾಂಡುಪಿನ ನಮ್ಮ ಮನೆಗಳಿಗೂ ಮೊಬೈಲಿನ ಮೂಲಕ ಬಂದಿವೆ. ಊಟದ ಪಟ್ಟಿ, ನಡಿಗೆಯ ಲೆಕ್ಕಗಳ ಜೊತೆಗೆ ಅವು ಮಾರುವ ಇನ್ನೊಂದು ಸರಕು 'ಪ್ರೇರಣೆ'. ಪಟ್ಟಿಯ ಗುಣದೋಷಗಳನ್ನು ವೈದ್ಯರು ಹೇಳಲಿ. ಪ್ರೇರಣೆ ಮಾತಿನಿಂದ ಆಗುವ ಕೆಲಸವಾದ್ದರಿಂದ ಅದನ್ನು ತೂಗಿ ನೋಡುವ ಅಧಿಕಾರ ನಮಗೂ ಉಂಟು.

ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಭಾರತೀಯರಿಗೆ ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲೇ ತಗಲುವುದರಿಂದ, 2009ರಲ್ಲಿ ನಮ್ಮ ತಜ್ಞರು ದೇಹತೂಕ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು ಎಂದು ಗೆರೆ ಎಳೆದರು. ವ್ಯಾಯಾಮಶಾಲೆಗೆ ಹೋಗಲು ಹಣವೋ ಸಂಕೋಚವೋ ಅಡ್ಡಬರುವ ಗೃಹಿಣಿಯರಿಗೆ ಮನೆಬಾಗಿಲಿಗೆ ಬರುವ ಸಲಹೆ ಉಪಕಾರವೇ.

ಈ ಮಾತಿಗೆ ಒಂದು ಶಾಸ್ತ್ರವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಚಟವುಳ್ಳವರೊಡನೆ ನಡೆಸಬೇಕಾದ ಸಂವಾದದ ಕುರಿತು ಬರೆದರು. 1991ರಲ್ಲಿ ಸ್ಟೀಫನ್ ರೋಲ್ನಿಕ್ ಅವರೊಡಗೂಡಿ ಅದನ್ನು ಗ್ರಂಥವಾಗಿ ಬೆಳೆಸಿದರು. ತಿರುಳು ಇಷ್ಟೆ: ಉಪದೇಶಿಸಿದಷ್ಟೂ ಮನುಷ್ಯ ತನ್ನ ಹಳೆಯ ಅಭ್ಯಾಸದ ಪರವಾಗಿಯೇ ವಾದಿಸುತ್ತಾನೆ, ಬದಲಾವಣೆಯ ಕಾರಣ ಅವನ ಬಾಯಿಂದಲೇ ಹೊರಡಬೇಕು.

ಇದು ದೂರದಿಂದ ಸಾಧ್ಯವೇ? 2001ರಲ್ಲಿ ಡೆಬೊರಾ ಟೇಟ್ ಮತ್ತು ಸಂಗಡಿಗರು 91 ಮಂದಿಯ ಅಧ್ಯಯನವೊಂದನ್ನು ಪ್ರಕಟಿಸಿದರು. ಅಂತರ್ಜಾಲದಲ್ಲಿ ಬರಿಯ ಮಾಹಿತಿ ಪಡೆದವರು ಆರು ತಿಂಗಳಲ್ಲಿ 1.6 ಕಿಲೋ ಇಳಿದರೆ, ವಾರವಾರ ಪಾಠ ಪಡೆದು, ದಿನಚರಿ ಕಳಿಸಿ, ಸಲಹೆಗಾರರಿಂದ ತಮಗೆಂದೇ ಬರೆದ ಉತ್ತರ ಪಡೆದವರು 4.1 ಕಿಲೋ ಇಳಿದರು. ಪಾಠಕ್ಕೂ ದಿನಚರಿಗೂ ಇದರಲ್ಲಿ ಪಾಲುಂಟು. ಆದರೂ ಬರೆದುದನ್ನು ಓದುವವರೊಬ್ಬರು ಆಚೆ ಇದ್ದರೆಂಬುದನ್ನು ಮರೆಯಲಾಗದು.

ಇಂದು ಮೊಬೈಲಿಗೆ ಬರುವ ಪ್ರೇರಣೆಯಲ್ಲಿ ನಮಗೆ ಕಾಣುವ ಕೊರತೆ ಇದೇ. 'ಛಲ ಬಿಡಬೇಡಿ', 'ನಿಮ್ಮ ಕೈಯಲ್ಲೇ ಇದೆ' ಎಂಬ ಧಾಟಿಯ ಸಾಲುಗಳು ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಬರುತ್ತವೆ. ಭಾಂಡುಪಿನ ಗುಡ್ಡದ ಮೇಲಿನ ಚಾಳಿನಲ್ಲಿರುವ ಒಬ್ಬ ತಾಯಿಯನ್ನು ನೆನೆಯೋಣ. ನಸುಕಿಗೆ ನೀರು ಹಿಡಿದು, ಡಬ್ಬಿ ಕಟ್ಟಿ, ಲೋಕಲ್ ಗಾಡಿಯಲ್ಲಿ ನಿಂತು ಹೋಗಿ, ರಾತ್ರಿ ಮರಳಿದವಳು ಹೋಟೆಲ್ ಕೆಲಸದ ಗಂಡ ಬರುವವರೆಗೆ ಕಾದು ಉಣ್ಣುತ್ತಾಳೆ. ಅವಳಿಗಿಲ್ಲದ್ದು ವೇಳೆಯೇ ಹೊರತು ಛಲವಲ್ಲ. ತೂಕ ಇಳಿಯದಿದ್ದಾಗ ಇಂಥ ಪ್ರೇರಣೆ ತಪ್ಪನ್ನು ಅವಳ ಮನೋಬಲದ ಮೇಲೆ ಹೊರಿಸಿ, ಹೋದ ಹಣದ ಜೊತೆಗೆ ನಾಚಿಕೆಯನ್ನೂ ಉಳಿಸಿ ಹೋಗುತ್ತದೆ.

ಭಾಷೆಯ ಮಾತೂ ಇದೆ. ಊರಿಗೆ ಹೋದಾಗ 'ಮೈ ತುಂಬಿಕೊಂಡಿದ್ದೀಯ' ಎನ್ನುವುದು ಮೆಚ್ಚುಗೆ. 'ಸೊರಗಿದ್ದೀಯಲ್ಲ' ಎನ್ನುವುದು ಮರುಕ. ಇದನ್ನರಿಯದ ಸಲಹೆಗಾರನಿಗೆ ಅವಳ ಹಿಂಜರಿಕೆ ಸೋಮಾರಿತನವಾಗಿ ಕಾಣುತ್ತದೆ. ನಮ್ಮವರು ಹೇಳುವ 'ನೋಡೋಣ' ಎಂಬ ಮಾತಿನಲ್ಲಿ ಒಲ್ಲೆನೆಂಬುದೂ ಇದೆ, ಆಗಲಿ ಎಂಬುದೂ ಇದೆ. ಮಿಲ್ಲರ್ ಹೇಳುವ ಸಂವಾದ ಶುರುವಾಗಬೇಕಾದ್ದು ಅಲ್ಲಿಂದಲೇ. 'ಏನು ನೋಡೋಣ ಅಂತೀರಿ, ಅಕ್ಕಾ?' ಎಂದು ಕೇಳುವ ವ್ಯವಧಾನ ಬೇಕು.

ಬೆಂಗಳೂರಿನಲ್ಲಿ 2012ರಲ್ಲಿ ಆರಂಭವಾದ ಹೆಲ್ತಿಫೈಮಿಯಂಥ ಸಂಸ್ಥೆಗಳು ಮಾನವ ಸಲಹೆಗಾರರ ಜೊತೆಗೆ ಯಂತ್ರಸಲಹೆಗಾರ್ತಿಯನ್ನೂ ತಂದಿವೆ. ಯಂತ್ರವಾದರೂ ಅಡ್ಡಿಯಿಲ್ಲ, ಕೇಳಿಸಿಕೊಳ್ಳಲಿ. ಹಣ ಕಟ್ಟುವ ಮೊದಲು ಓದುಗರು ಮೂರು ಪ್ರಶ್ನೆ ಕೇಳುವುದು ಒಳಿತು: ಆಚೆ ಇರುವವರು ಯಾರು, ನಮ್ಮ ಭಾಷೆ ಬಲ್ಲರೇ, ನಮ್ಮ ದಿನಚರಿ ಕೇಳಿದ ಮೇಲೆ ಸಲಹೆ ಬದಲಿಸುವರೇ? ಮೂರಕ್ಕೂ ಸರಿಯಾದ ಉತ್ತರ ಬಾರದಿದ್ದರೆ ಆ ಪ್ರೇರಣೆಗೆ ಹಣ ತೆರಬೇಕಾಗಿಲ್ಲ.