ಓದಿ ಎಲ್ಲಿ ಕೆಲಸ?

ಪುತ್ತೂರು, ಸುಳ್ಯ, ಕಡಬದ ಕಡೆ ಮಕ್ಕಳು ಪದವಿಗೆ ಪತ್ರಿಕೋದ್ಯಮ ತೆಗೆದುಕೊಳ್ಳುತ್ತೇನೆ ಎಂದರೆ ಮನೆಯವರು ಕೇಳುವ ಮೊದಲ ಪ್ರಶ್ನೆ ಇದು. ಈ ಪ್ರಶ್ನೆಯನ್ನು ಹಗುರವಾಗಿ ನೋಡುವಂತಿಲ್ಲ. ಹಳದಿ ರೋಗ, ಎಲೆಚುಕ್ಕಿ ರೋಗಗಳಿಂದ ಅಡಿಕೆಯ ಆದಾಯ ಕುಸಿದ ಮನೆಗೆ ಮೂರು ವರ್ಷದ ಓದು ದೊಡ್ಡ ಬಂಡವಾಳ.

ಕೆಲಸ ಸಿಗದಿದ್ದಾಗ ಕೇಳಿಬರುವ ದೂರು ಮಾತ್ರ ಹಳೆಯದೇ: ಥಿಯರಿ ಜಾಸ್ತಿ, ಪ್ರಾಕ್ಟಿಕಲ್ ಕಡಿಮೆ. ಆದ್ದರಿಂದ ಕ್ಯಾಮೆರಾ ಕೊಡಿ, ಸ್ಟುಡಿಯೋ ಕಟ್ಟಿ, ಎಡಿಟಿಂಗ್ ಕಲಿಸಿ ಎನ್ನುತ್ತಾರೆ. ನನಗೆ ಈ ದೂರು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಕ್ಯಾಮೆರಾ ಈಗ ಎಲ್ಲರ ಕಿಸೆಯಲ್ಲಿದೆ. ಇಂದು ಕಲಿಸಿದ ಸಾಫ್ಟ್‌ವೇರ್ ಪದವಿ ಮುಗಿಯುವಷ್ಟರಲ್ಲಿ ಹಳತಾಗಿರುತ್ತದೆ. ನಿಜವಾದ ಕೊರತೆ ವಿಷಯಜ್ಞಾನದ್ದು.

ಇದಕ್ಕೆ ಪುರಾವೆ ಪುತ್ತೂರಿನಲ್ಲೇ ಇದೆ. 1988ರಲ್ಲಿ ಇಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಮಾಸಿಕವನ್ನು ಕಟ್ಟಿದವರು ಕೃಷಿಕರು. ಕೃಷಿಕರೇ ಕೃಷಿಕರಿಗಾಗಿ ಬರೆಯಬೇಕೆಂದು ಅವರ ಕೈಗೆ ಲೇಖನಿ ಕೊಟ್ಟು, ಶಿಬಿರ ನಡೆಸಿ ಬರೆಯಲು ಕಲಿಸಿದ ಪತ್ರಿಕೆ ಅದು. ಅದರ ಸಂಪಾದಕ ಬಳಗದ ಶ್ರೀಪಡ್ರೆಯವರು ಸ್ವತಃ ಕೃಷಿಕರು. ಕಾಸರಗೋಡಿನ ಗೇರುತೋಟಗಳ ಎಂಡೋಸಲ್ಫಾನ್ ದುರಂತದ ಬಗ್ಗೆ ಬಹಳ ಮೊದಲೇ ಬರೆದವರಲ್ಲಿ ಅವರೂ ಒಬ್ಬರು. ಈ ಬರಹಗಾರರಿಗೆ ವಿಷಯ ಮೊದಲೇ ಗೊತ್ತಿತ್ತು, ವಾಕ್ಯ ಆಮೇಲೆ ಬಂತು. ನಮ್ಮ ಪದವಿ ವಾಕ್ಯವನ್ನು ಕಲಿಸಿ, ವಿಷಯ ತಾನಾಗಿ ಬರುತ್ತದೆ ಎಂದು ಕಾಯುತ್ತದೆ.

ಇದಕ್ಕೊಂದು ಆಕ್ಷೇಪ ಬರಬಹುದು. ಕೃಷಿಕ ಲೇಖಕನಿಗೆ ತೋಟವಿದೆ, ಬರವಣಿಗೆ ಅವನ ಹೊಟ್ಟೆಪಾಡಲ್ಲ, ಪದವೀಧರನಿಗೆ ಸಂಬಳ ಬೇಕು. ಮಾತು ಸರಿಯಾದದ್ದೇ. 'ಸುದ್ದಿ ಬಿಡುಗಡೆ'ಯಂಥ ಊರಿನ ಪತ್ರಿಕೆ, ದಿನಪತ್ರಿಕೆಗಳ ಕಚೇರಿ, ಯೂಟ್ಯೂಬ್ ಚಾನೆಲ್ ಎಲ್ಲ ಸೇರಿದರೂ ತಾಲೂಕಿನಲ್ಲಿ ಇರುವ ಹುದ್ದೆ ಕಡಿಮೆ. ಬಿಡಿ ವರದಿಗಾರರಲ್ಲಿ ಅನೇಕರು ಜೀವನಕ್ಕೆ ಬೇರೊಂದು ಕೆಲಸ ನಂಬಿರುತ್ತಾರೆ. ಹಾಗಿದ್ದ ಮೇಲೆ ಪತ್ರಿಕೆಯ ಹೊರಗೂ ಬೆಲೆ ಬಾಳುವಂಥದ್ದನ್ನು ಪದವಿ ಕೊಡಲೇಬೇಕಲ್ಲವೇ?

ಅಂಥ ಒಂದು ಸಂಪತ್ತು ಇಲ್ಲಿನ ವಿದ್ಯಾರ್ಥಿಗಳ ಬಳಿ ಆಗಲೇ ಇದೆ. ತುಳುವಿನಲ್ಲೋ ಅರೆಭಾಷೆಯಲ್ಲೋ ಬ್ಯಾರಿಯಲ್ಲೋ ಕೇಳಿದ್ದನ್ನು ಕನ್ನಡದಲ್ಲಿ ಬರೆಯುವುದು ಅವರಿಗೆ ದಿನನಿತ್ಯದ ಅಭ್ಯಾಸ. ಸಹಕಾರಿ ಸಂಘಕ್ಕೆ, ಆಸ್ಪತ್ರೆಗೆ, ಕೃಷಿ ವಿಸ್ತರಣೆಗೆ ಬೇಕಾದದ್ದು ಇದೇ. ಆದರೆ ಸಂವಹನದ ಮಾದರಿಗಳನ್ನು ಬಾಯಿಪಾಠ ಮಾಡಿದ್ದಕ್ಕೆ ಸಿಗುವ ಅಂಕ ಈ ಕೌಶಲಕ್ಕೆ ಸಿಗುವುದಿಲ್ಲ.

2021-22ರಲ್ಲಿ ಹೊಸ ಶಿಕ್ಷಣ ನೀತಿಯೊಂದಿಗೆ ನಾಲ್ಕು ವರ್ಷದ ಪದವಿ ಬಂತು, 2024-25ಕ್ಕೆ ಮತ್ತೆ ಮೂರು ವರ್ಷವಾಯಿತು. ವರ್ಷದ ಲೆಕ್ಕ ಬದಲಾದಷ್ಟು ಸುಲಭವಾಗಿ ಒಳಗಿನ ಓದು ಬದಲಾಗುವುದಿಲ್ಲ. ಕೊನೆಯ ವರ್ಷದಲ್ಲಿ ಒಬ್ಬ ವಿದ್ಯಾರ್ಥಿ ಆರು ತಿಂಗಳು ಒಂದೇ ವಿಷಯವನ್ನು ಬೆನ್ನುಹತ್ತಲಿ: ಸಂಪಾಜೆ, ಅರಂತೋಡಿನ ಹಳದಿ ರೋಗ, ಕಡಬದ ಕಾಡಾನೆ, ಇಲ್ಲವೇ ತನ್ನದೇ ಗ್ರಾಮ ಪಂಚಾಯತಿನ ಆಯವ್ಯಯ. ಆರ್‌ಟಿಸಿ ಓದಲು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಲು, ಬಂದ ಉತ್ತರದಲ್ಲಿ ಏನು ಬಿಟ್ಟುಹೋಗಿದೆ ಎಂದು ಗುರುತಿಸಲು ಕಲಿಯಲಿ. ಇದಕ್ಕೆ ಸ್ಟುಡಿಯೋ ಬೇಡ, ಬಸ್ಸಿನ ದುಡ್ಡು ಸಾಕು. ಹೀಗೆ ಪಳಗಿದವರು ಬ್ಯಾಂಕಿಗೆ ಹೋದರೂ, ಬೆಂಗಳೂರಿನ ಜಾಹೀರಾತು ಕಂಪನಿಗೆ ಹೋದರೂ ಕಲಿತದ್ದು ವ್ಯರ್ಥವಾಗದು.

ಇನ್ನೊಂದು ಕೆಲಸಕ್ಕೆ ಪಠ್ಯಕ್ರಮ ಬದಲಾಗುವವರೆಗೂ ಕಾಯಬೇಕಿಲ್ಲ. ಪ್ರತಿ ಕಾಲೇಜೂ ಕಳೆದ ಐದು ವರ್ಷಗಳಲ್ಲಿ ಪತ್ರಿಕೋದ್ಯಮ ಓದಿ ಹೋದವರಲ್ಲಿ ಎಷ್ಟು ಮಂದಿ ಮಾಧ್ಯಮದಲ್ಲಿದ್ದಾರೆ, ಎಷ್ಟು ಮಂದಿ ಬೇರೆ ಕಡೆ ಇದ್ದಾರೆ, ಎಷ್ಟು ಮಂದಿಗೆ ಇನ್ನೂ ಕೆಲಸವಿಲ್ಲ ಎಂದು ಹೆಸರಿಲ್ಲದೆ ಲೆಕ್ಕವನ್ನಷ್ಟೇ ಬರೆದು ಪ್ರವೇಶದ ದಿನ ಸೂಚನಾ ಫಲಕಕ್ಕೆ ಹಚ್ಚಲಿ. ತಂದೆತಾಯಿ ಅದನ್ನು ಓದಿ ತೀರ್ಮಾನಿಸಲಿ.